ಪಾತ್ರಕ್ಕೆ ಬಟ್ಟೆ ತೊಡಿಸೋದು ಹೇಗೆ: ಕಥೆ ಬರೆಯೋರಿಗೆ ಒಂದಿಷ್ಟು ಮಾತು

ನನ್ನ ಮೊದಮೊದಲ ಕಥೆಯೊಂದರಲ್ಲಿ ನಾಯಕಿ ನೀಲಿ ಸೀರೆ ಉಟ್ಕೊಂಡು ಬಾಗಿಲು ತೆಗೀತಾಳೆ, ಮೂರು ಪುಟ ಆದ್ಮೇಲೆ ಅದೇ ದಿನ ಅದೇ ಮನೇಲಿ ಅವಳ ಹಸಿರು ಸೆರಗು ಗಾಳಿಗೆ ಹಾರತ್ತೆ. ಓದಿದ ಗೆಳತಿ "ಇವ್ಳು ಸೀರೆ ಯಾವಾಗ ಬದಲಾಯಿಸಿದ್ಲು?" ಅಂತ ಕೇಳಿದ್ಲು, ಇಬ್ರೂ ನಕ್ವಿ, ನಾನು ಹಸಿರನ್ನ ನೀಲಿ ಮಾಡಿ ಕೈ ತೊಳ್ಕೊಂಡೆ. ಎಷ್ಟೋ ದಿನ ಆದ್ಮೇಲೆ ಹೊಳೀತು, ಬಣ್ಣ ಮರೆತಿದ್ದು ದೊಡ್ಡ ತಪ್ಪೇನಲ್ಲ, ನೀಲಿ ಇದ್ರೂ ಹಸಿರಿದ್ರೂ ಆ ಕಥೆಗೆ ಕೂದಲೆಳೆಯಷ್ಟೂ ಫರಕ್ ಬೀಳ್ತಿರ್ಲಿಲ್ವಲ್ಲ, ಅದು ತಪ್ಪು. ಆ ಸೀರೆ ಅವಳು ಉಟ್ಟಿದ್ದಲ್ಲ, ನಾನು ಸುತ್ತಿದ್ದು. ಅಂಗಡಿ ಬೊಂಬೆಗೆ ಸುತ್ತಿದ ಹಾಗೆ.

ಅವತ್ತಿಂದ ಒಂದು ರೂಲ್ ಇಟ್ಕೊಂಡಿದೀನಿ. ಕಥೇಲಿ ಒಂದು ಬಟ್ಟೆ ಬಂತು ಅಂದ್ರೆ ಅದರ ಹಿಂದೆ ಯಾರದ್ದಾದ್ರೂ ಒಂದು ತೀರ್ಮಾನ ಇರ್ಬೇಕು. ಇದನ್ನೇ ಯಾಕೆ ಹಾಕ್ಕೊಂಡ, ಇನ್ನೊಂದನ್ನ ಯಾಕೆ ಬಿಟ್ಟ, ಅಥವಾ ಇನ್ನೊಂದು ಇರ್ಲೇ ಇಲ್ವಾ, ಅಥವಾ ಬೇರೆ ಯಾರೋ ಹಾಕ್ಕೋ ಅಂದ್ರಾ. ಈ ತೀರ್ಮಾನ ಓದುಗನಿಗೆ ಕಂಡ್ರೆ ಪಾತ್ರ ಕಂಡ ಹಾಗೆ. ಬರೀ ಬಟ್ಟೆ ಕಂಡ್ರೆ ಬಟ್ಟೆ ಕಾಣತ್ತೆ ಅಷ್ಟೇ, ಕ್ಯಾಟಲಾಗ್ ಥರ. ಕೆಳಗೆ ಬರೆದಿರೋದೆಲ್ಲ ಸುತ್ತಿ ಬಳಸಿ ಇದೇ ಮಾತು.

ಬಟ್ಟೆ ಎಲ್ಲಿಂದ ಬಂತು?

ಮೊದಲು ಕೇಳ್ಕೊಳ್ಬೇಕಾದ್ದು ಇದು. ಕೊಂಡಿದ್ದಾ, ಯಾರೋ ಕೊಟ್ಟಿದ್ದಾ, ಅಣ್ಣನಿಗೆ ಚಿಕ್ಕದಾಗಿದ್ದು ತಮ್ಮನಿಗೆ ಇಳಿದಿದ್ದಾ, ಒಂದು ದಿನದ ಮಟ್ಟಿಗೆ ಸಾಲ ತಂದಿದ್ದಾ, ಕದ್ದಿದ್ದಾ, ಸತ್ತೋರದ್ದಾ. ಒಂದೇ ಒಂದು ಕಪ್ಪು ಕೋಟು ತಗೊಳ್ಳಿ, ಈ ಆರಕ್ಕೆ ಆರು ಉತ್ತರ ಹಾಕಿ ನೋಡಿ, ಆರು ಬೇರೆ ಬೇರೆ ಮನುಷ್ಯರು ಎದ್ದು ಬರ್ತಾರೆ. ಕೋಟಿನ ಬಣ್ಣ ಮುಟ್ಟೋದೇ ಬೇಡ.

ಈ ವಿಷಯಕ್ಕೆ ರಷ್ಯನ್ ಲೇಖಕ ಗೊಗೊಲ್ ಬರೆದ ‘ಓವರ್‌ಕೋಟ್’ ಕಥೆಗಿಂತ ಒಳ್ಳೆ ಪಾಠ ನಂಗೆ ಸಿಕ್ಕಿಲ್ಲ. 1842ರಲ್ಲಿ ಬಂದಿದ್ದು. ಪೀಟರ್ಸ್‌ಬರ್ಗಿನ ಆಫೀಸೊಂದರಲ್ಲಿ ಕಾಗದ ನಕಲು ಮಾಡೋ ಗುಮಾಸ್ತ ಅಕಾಕಿ ಅಕಾಕಿಯೆವಿಚ್, ಅವನ ಹಳೇ ಕೋಟು ಎಷ್ಟು ಜೂಲಾಗಿದೆ ಅಂದ್ರೆ ಜೊತೆಯವರು ಅದನ್ನ ಕೋಟು ಅಂತ ಕರೆಯೋದನ್ನೇ ಬಿಟ್ಟಿದಾರೆ, ಟೈಲರ್ ಪೆಟ್ರೋವಿಚ್ ನೋಡಿ "ಇದಕ್ಕೆ ತೇಪೆ ಹಾಕಕ್ಕೂ ಬಟ್ಟೆ ಉಳಿದಿಲ್ಲ, ಸೂಜಿ ಹಾಕಿದ್ರೆ ಕಿತ್ಕೊಂಡು ಬರತ್ತೆ" ಅನ್ನೋ ರೇಂಜಿಗೆ ಮಾತಾಡ್ತಾನೆ. ಹೊಸದು ಹೊಲಿಸ್ಬೇಕು, ದುಡ್ಡಿಲ್ಲ. ಇಲ್ಲಿಂದ ಗೊಗೊಲ್ ಮಾಡೋದು ನೋಡಿ. ಅಕಾಕಿ ಬಡವ ಅಂತ ಹೇಳ್ತಾ ಕೂರಲ್ಲ. ಅವನು ಸಂಜೆ ಟೀ ಬಿಡ್ತಾನೆ, ಮೇಣದಬತ್ತಿ ಹಚ್ಚೋದು ಬಿಡ್ತಾನೆ, ಬೂಟಿನ ಅಟ್ಟೆ ಸವೀಬಾರ್ದು ಅಂತ ರಸ್ತೇಲಿ ತುದಿಗಾಲಲ್ಲಿ ನಡೀತಾನೆ, ಒಳಬಟ್ಟೆ ಸವೀಬಾರ್ದು ಅಂತ ಮನೆಗೆ ಬಂದ ತಕ್ಷಣ ಬಿಚ್ಚಿಟ್ಟು ಹಳೇ ನಿಲುವಂಗೀಲಿ ಕೂರ್ತಾನೆ. ಕೋಟಿನ ಕಾಲರಿಗೆ ಒಳ್ಳೆ ತುಪ್ಪಳ ತಗೊಳೋಷ್ಟು ಕಾಸು ಇಲ್ಲ, ಹಾಗಾಗಿ ಬೆಕ್ಕಿನ ತುಪ್ಪಳ, ಆದ್ರೆ ಅಂಗಡೀಲಿ ಇದ್ದಿದ್ರಲ್ಲೇ ಬೆಸ್ಟ್ ಬೆಕ್ಕು, ದೂರದಿಂದ ನೋಡಿದ್ರೆ ದುಬಾರಿದೇ ಅನ್ನಿಸೋ ಅಂಥದ್ದು. ಆ ‘ದೂರದಿಂದ ನೋಡಿದ್ರೆ’ ಅನ್ನೋದ್ರಲ್ಲಿ ಅವನ ಇಡೀ ಜೀವನ ಇದೆ ಅನ್ಸತ್ತೆ ನಂಗೆ.

ಇನ್ನೊಂದು ಗಮನಿಸಿ, ಕೋಟು ಇನ್ನೂ ಹೊಲಿದೇ ಇಲ್ಲ, ಅದರ ಯೋಚನೆಯಲ್ಲೇ ಅವನು ಬದಲಾಗಕ್ಕೆ ಶುರು ಆಗ್ತಾನೆ, ಮುಖದಲ್ಲಿ ಒಂಥರಾ ಗಟ್ಟಿತನ ಬರತ್ತೆ, ಗುರಿ ಇರೋನ ಥರ. ಅಂದ್ರೆ ಬಟ್ಟೆ ಮೈಮೇಲೆ ಬರೋಕೆ ಮುಂಚೇನೇ ಕೆಲಸ ಮಾಡತ್ತೆ. ನಾವು ಮಾತ್ರ ಬೀರು ತೆಗೆದು ಹಾಕ್ಕೊಂಡ ಮೇಲೇ ಬರೆಯೋಕೆ ಶುರು ಮಾಡೋದು. ಬೇಕು ಅಂತ ಕಾಯ್ತಿರೋ ಬಟ್ಟೆ, ಮಡಚಿಟ್ಟು ಹಾಕ್ಕೊಳದೇ ಇರೋ ಬಟ್ಟೆ, ಕಳೆದುಹೋಗಿ ಇನ್ನೂ ಹುಡುಕ್ತಿರೋ ಒಂದು ಕೈಗವಸು, ಇವೆಲ್ಲ ಮೈಮೇಲಿರೋದಕ್ಕಿಂತ ಜಾಸ್ತಿ ಮಾತಾಡ್ತವೆ.

ಕೋಟು ಹಾಕ್ಕೊಂಡ ಮೊದಲನೇ ದಿನಾನೇ ಕಳುವಾಗತ್ತೆ. ಓದುಗನಿಗೆ ಹೊಟ್ಟೆ ಕಿವುಚೋದು ಕೋಟು ಹೋಯ್ತು ಅಂತಲ್ಲ, ಅಷ್ಟು ತುದಿಗಾಲಲ್ಲಿ ನಡೆದಿದ್ದು ಹೋಯ್ತಲ್ಲ ಅಂತ. ನೀವೂ ಬಟ್ಟೆಗೆ ಬೆಲೆ ಕಟ್ಟೋವಾಗ ದುಡ್ಡಿನ ಲೆಕ್ಕದಲ್ಲಿ ಕಟ್ಬೇಡಿ, ಏನು ಬಿಟ್ಟುಕೊಟ್ಟು ತಂದ ಅನ್ನೋ ಲೆಕ್ಕದಲ್ಲಿ ಕಟ್ಟಿ.

ಸವೆದ ಜಾಗ ನೋಡಿ

ಹೊಸ ಬಟ್ಟೆ ಯಾರ ಬಗ್ಗೇನೂ ಜಾಸ್ತಿ ಹೇಳಲ್ಲ. ಬಟ್ಟೆಗೆ ಬಾಯಿ ಬರೋದು ಸವೆದ ಮೇಲೆ. ಎಲ್ಲಿ ಸವೆದಿದೆ ಅನ್ನೋದು ಮುಖ್ಯ: ಟೇಬಲ್ಲಿಗೆ ಮೊಣಕೈ ಊರಿ ಕೂರೋನ ತೋಳು ಒಂದು ಕಡೆ ತೆಳ್ಳಗಾಗಿರತ್ತೆ, ಯಾವಾಗ್ಲೂ ಬಲಗಡೆ ಜೇಬಲ್ಲಿ ಕೈ ಇಟ್ಟು ನಿಲ್ಲೋನ ಜೇಬಿನ ಬಾಯಿ ಜೋತುಬಿದ್ದಿರತ್ತೆ, ಚಪ್ಪಲಿ ಹಿಮ್ಮಡಿ ಒಂದೇ ಕಡೆ ತಿಂದುಹೋಗಿರತ್ತೆ. ಬೆಲ್ಟ್ ಇನ್ನೂ ಚೆನ್ನಾಗಿರೋ ಸಾಕ್ಷಿ. ಮೊದಲು ಹಾಕ್ತಿದ್ದ ತೂತಿನ ಹತ್ರ ಒಂದು ಗೀರು ಬಿದ್ದಿದೆ, ಈಗ ಹಾಕ್ತಿರೋದು ಅದಕ್ಕಿಂತ ಎರಡು ತೂತು ಒಳಗೆ, ಅದರಲ್ಲೂ ಕೊನೇದು ಮೊಳೆ ಹೊಡೆದು ಮಾಡ್ಕೊಂಡಿದ್ದು. ಕಾಯಿಲೆ ಅಂತ ಬರೀಲೇಬೇಕಾಗಿಲ್ಲ ನೀವು.

ಈ ಥರ ಓದೋದರಲ್ಲಿ ಎಲ್ಲರಿಗೂ ನೆನಪಾಗೋದು ಷರ್ಲಾಕ್ ಹೋಮ್ಸ್. 1892ರ ‘ಬ್ಲೂ ಕಾರ್ಬಂಕಲ್’ ಕಥೇಲಿ ಒಂದು ಹಳೇ ಹ್ಯಾಟ್ ಕೈಗೆ ಸಿಕ್ಕತ್ತೆ, ಅದನ್ನ ತಿರುಗಿಸಿ ನೋಡಿ ಹೋಮ್ಸ್ ಅದರ ಯಜಮಾನನ ಜಾತಕಾನೇ ಬಿಚ್ಚಿಡ್ತಾನೆ. ಒಂದು ಕಾಲದಲ್ಲಿ ಅನುಕೂಲಸ್ಥ, ಈಗ ಇಳಿದುಹೋಗಿದಾನೆ. ಗಾಳಿಗೆ ಹಾರದಿರ್ಲಿ ಅಂತ ಹ್ಯಾಟಿಗೆ ದಾರ ಹಾಕಿಸಿದ್ದ, ಅದು ಕಿತ್ತುಹೋಗಿದೆ, ಮತ್ತೆ ಹಾಕಿಸಿಲ್ಲ. ಆದ್ರೆ ಕಲೆಗಳ ಮೇಲೆ ಶಾಯಿ ಬಳಿದಿದಾನೆ, ಅಂದ್ರೆ ಮರ್ಯಾದೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಎಷ್ಟೋ ವಾರದಿಂದ ಧೂಳು ಹೊಡೆದಿಲ್ಲ, ಅಂದ್ರೆ ಹೆಂಡತಿಗೆ ಇವನ ಮೇಲಿನ ಪ್ರೀತಿ ಹೋಗಿದೆ. ಹೆಂಡತಿ ವಿಷಯ ಸ್ವಲ್ಪ ಓವರ್ ಆಯ್ತು ಅಂತ ನಂಗೆ ಯಾವಾಗ್ಲೂ ಅನ್ಸತ್ತೆ, ಅವನ ಹ್ಯಾಟನ್ನ ಅವನೇ ಒರೆಸ್ಕೊಂಡಿದ್ರೆ ಆಗ್ತಿರ್ಲಿಲ್ವಾ? ಆದ್ರೆ ಆ ಶಾಯಿ ಮಾತ್ರ ಬಂಗಾರ.

ಪತ್ತೇದಾರಿ ಕಥೆಗೂ ನಾವು ಬರೆಯೋ ಕಥೆಗೂ ವ್ಯತ್ಯಾಸ ಇಲ್ಲೇ ಇರೋದು. ಅಲ್ಲಿ ಬಟ್ಟೆ ಒಂದು ಬೀಗ, ಒಂದೇ ಕೀಲಿ, ತೆಗೆದ್ರೆ ಉತ್ತರ. ನಮಗೆ ಬೇಕಾಗಿರೋದು ಎರಡು ಕಡೆ ಎಳೆಯೋ ವಿವರ. ಉದಾಹರಣೆಗೆ, ಗಂಡ ತೀರಿಕೊಂಡ ಹೆಂಗಸೊಬ್ಳು ಅವನ ಒಳ್ಳೊಳ್ಳೆ ಷರ್ಟುಗಳನ್ನ ಎತ್ತಿಟ್ಟಿದಾಳೆ, ಗೋಡೆಗೆ ಬಣ್ಣ ಬಳಿಯೋವಾಗ, ಚರಂಡಿ ಕ್ಲೀನ್ ಮಾಡೋವಾಗ ಮಾತ್ರ ಅದ್ರಲ್ಲೊಂದು ತೆಗೆದು ಹಾಕ್ಕೋತಾಳೆ. ಪ್ರೀತಿನಾ? ಸೇಡಾ? ಸುಮ್ನೆ ಬಟ್ಟೆ ವೇಸ್ಟ್ ಆಗಬಾರ್ದು ಅಂತಾನಾ? ಬರೆಯೋ ನಿಮಗೂ ಪಕ್ಕಾ ಗೊತ್ತಿರ್ಬಾರ್ದು. ಗೊತ್ತಾಗಿಬಿಟ್ರೆ ಮುಂದಿನ ವಾಕ್ಯದಲ್ಲಿ ವಿವರಿಸಕ್ಕೆ ಹೋಗಿ ಕೆಡಿಸ್ತೀರ, ನಾನು ಎಷ್ಟೋ ಸಲ ಕೆಡಿಸಿದೀನಿ.

ನೋಡ್ತಿರೋದು ಯಾರು?

ಇದು ಹೆಚ್ಚಿನವರು ಎಡವೋ ಜಾಗ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಬಟ್ಟೆಯ ವರ್ಣನೆ ಇಬ್ಬರ ಬಗ್ಗೆ ಹೇಳತ್ತೆ, ಹಾಕ್ಕೊಂಡೋರು ಒಬ್ರು, ನೋಡ್ದೋರು ಇನ್ನೊಬ್ರು. ಎಷ್ಟೋ ಸಲ ಎರಡನೆಯವರ ಬಗ್ಗೇನೇ ಜಾಸ್ತಿ.

ಜೇನ್ ಆಸ್ಟಿನ್ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ನೋಡಿ. ಕಾಯಿಲೆ ಬಿದ್ದಿರೋ ಅಕ್ಕನ್ನ ನೋಡಕ್ಕೆ ಎಲಿಜಬೆತ್ ಮೂರು ಮೈಲಿ ಕೆಸರಲ್ಲಿ ನಡ್ಕೊಂಡು ಬಿಂಗ್ಲಿಯ ದೊಡ್ಡ ಮನೆಗೆ ಬರ್ತಾಳೆ. ಅವಳು ಆಚೆ ಹೋದ ಮೇಲೆ ಆ ಮನೆ ಹೆಂಗಸರು ಶುರು ಹಚ್ಕೋತಾರೆ, ಲಂಗಕ್ಕೆ ಆರು ಇಂಚು ಕೆಸರು ಮೆತ್ತಿತ್ತು, ಅದನ್ನ ಮುಚ್ಚಕ್ಕೆ ಮೇಲಿನ ಗೌನ್ ಇಳಿಬಿಟ್ಟಿದ್ಲು, ಆದ್ರೂ ಮುಚ್ಚಿರ್ಲಿಲ್ಲ ಅಂತ. ಆರು ಇಂಚು! ಅಳತೆ ಪಟ್ಟಿ ಹಿಡ್ಕೊಂಡು ನೋಡಿದ ಹಾಗೆ. ಅದೇ ರೂಮಲ್ಲಿದ್ದ ಬಿಂಗ್ಲಿ, ನಂಗೆ ಕೆಸರು ಕಾಣ್ಲೇ ಇಲ್ಲ ಅಂತಾನೆ. ಅವನ ಗೆಳೆಯ ಡಾರ್ಸಿ, ನಡೆದು ಬಂದಿದ್ರಿಂದ ಅವಳ ಕಣ್ಣು ಹೊಳೀತಿದ್ವು ಅಂತಾನೆ. ಲಂಗ ಒಂದೇ, ಕೆಸರು ಒಂದೇ, ಅದನ್ನ ನೋಡಿದ ಪ್ರತಿಯೊಬ್ಬರ ಬಣ್ಣಾನೂ ಬಯಲಾಯ್ತು, ಎಲಿಜಬೆತ್ ರೂಮಲ್ಲೇ ಇಲ್ದೆ!

ಟಾಲ್‌ಸ್ಟಾಯ್ ಇದನ್ನೇ ಇನ್ನೊಂದು ಥರ ಮಾಡ್ತಾನೆ. ‘ಅನ್ನಾ ಕರೆನಿನಾ’ದಲ್ಲಿ ನೃತ್ಯಕೂಟಕ್ಕೆ ಅನ್ನಾ ನೇರಳೆ ಛಾಯೆಯ ಗೌನ್ ಹಾಕ್ಕೊಂಡು ಬರ್ಬೇಕು ಅಂತ ಚಿಕ್ಕ ಹುಡುಗಿ ಕಿಟಿ ಆಸೆಪಟ್ಟಿರ್ತಾಳೆ, ಮನಸ್ಸಲ್ಲೇ ಅವಳಿಗೆ ಆ ಬಣ್ಣ ತೊಡಿಸಿ ನೋಡಿರ್ತಾಳೆ. ಅನ್ನಾ ಬರೋದು ಕಪ್ಪು ವೆಲ್ವೆಟ್‌ನಲ್ಲಿ. ನೋಡಿದ ಕ್ಷಣಾನೇ ಕಿಟಿಗೆ ಗೊತ್ತಾಗತ್ತೆ, ತಾನು ಇವಳನ್ನ ಇಲ್ಲಿತನಕ ಅರ್ಥಾನೇ ಮಾಡ್ಕೊಂಡಿರ್ಲಿಲ್ಲ ಅಂತ. ಆ ಗೌನ್ ಬರೀ ಚೌಕಟ್ಟು, ಕಾಣ್ತಿರೋದು ಅವಳು. ಕಿಟಿ ಮಾತ್ರ ಗುಲಾಬಿ ಬಣ್ಣದ ಜಾಲರಿ, ಲೇಸು, ಎಲ್ಲ ಹಾಕ್ಕೊಂಡು ಬಹಳ ತಯಾರಾಗಿ ಬಂದಿದಾಳೆ. ಕಪ್ಪು ಅಂದ್ರೆ ದುಃಖ, ಕಪ್ಪು ಅಂದ್ರೆ ಅಪಾಯ ಅಂತ ಯಾರೋ ಗೈಡಲ್ಲಿ ಬರೆದಿರ್ತಾರೆ, ಬಿಡಿ. ಕಪ್ಪು ಇಲ್ಲಿ ಕೆಲಸ ಮಾಡೋದು ಕಿಟಿ ನೇರಳೆ ಅಂದ್ಕೊಂಡಿದ್ಲು ಅನ್ನೋದ್ರಿಂದ. ನಿರೀಕ್ಷೆ ಮೊದಲು, ಬಟ್ಟೆ ಆಮೇಲೆ. ಈ ಟ್ರಿಕ್ ಯಾರು ಬೇಕಾದ್ರೂ ಕದೀಬಹುದು.

ಇದನ್ನ ನಿಮ್ಮ ಡ್ರಾಫ್ಟಿಗೆ ತರೋದು ಹೀಗೆ. ದೃಶ್ಯದಲ್ಲಿ ಯಾರ ಕಣ್ಣಿದೆಯೋ ಅವರಿಗೆ ಬಟ್ಟೆ ಬಗ್ಗೆ ಎಷ್ಟು ಗೊತ್ತು ಅಂತ ಮೊದಲು ಡಿಸೈಡ್ ಮಾಡ್ಕೊಳ್ಳಿ. ಟೈಲರಿಗೆ ಹೊಲಿಗೆ ಕಾಣತ್ತೆ, ಭುಜದ ಹತ್ರ ಎಳ್ಕೊಂಡಿರೋದು ಕಾಣತ್ತೆ, ಇದು ರೆಡಿಮೇಡ್, ಸೊಂಟದಲ್ಲಿ ಬಿಡಿಸಿ ಹೊಲಿಸಿದಾರೆ ಅಂತ ಕಾಣತ್ತೆ. ಐದು ವರ್ಷದ ಮಗುಗೆ ಅದರ ಕಣ್ಣಿನ ಎತ್ತರದಲ್ಲಿರೋ ಗುಂಡಿ ಕಾಣತ್ತೆ, ಮಂಡಿ ಕಾಣತ್ತೆ. ಪ್ರೀತಿಲಿ ಬಿದ್ದೋನಿಗೆ ಅವತ್ತು ಅವಳು ಏನು ಹಾಕ್ಕೊಂಡಿದ್ಲು ಅಂತ ಒಂದೋ ದಾರ ದಾರ ನೆನಪಿರತ್ತೆ, ಇಲ್ಲಾಂದ್ರೆ ಏನಂದ್ರೆ ಏನೂ ನೆನಪಿರಲ್ಲ, ಎರಡೂ ನಿಜಾನೇ. ಫ್ಯಾಷನ್ ಗಂಧಗಾಳಿ ಇಲ್ಲದ ನಿರೂಪಕನ ಬಾಯಲ್ಲಿ ಇದ್ದಕ್ಕಿದ್ದಂತೆ ಆರ್ಗಾಂಜಾ, ಎ-ಲೈನ್ ಅಂತೆಲ್ಲ ಬಂದ್ರೆ ಓದುಗ ಅಲ್ಲೇ ಹಿಡೀತಾನೆ, ಇದು ಲೇಖಕ ಗೂಗಲ್ ಮಾಡಿದ್ದು ಅಂತ.

ಇನ್ನು ‘ನಾನು’ ಅಂತ ಬರೆಯೋ ಕಥೆಗಳಲ್ಲಿ ಒಂದು ಪೀಕಲಾಟ ಇದೆ. ನಮ್ಮ ಬಟ್ಟೆ ನಮಗೆ ಕಾಣಲ್ಲ, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ತನ್ನನ್ನ ತಾನೇ ವರ್ಣಿಸ್ಕೊಳೋ ಪಾತ್ರಗಳನ್ನ ದಯವಿಟ್ಟು ಕೈಬಿಡಿ. ನಮ್ಮ ಬಟ್ಟೆ ನಮಗೆ ಗೊತ್ತಾಗೋದು ಮೈಯಿಂದ. ಕಚ್ಚತ್ತೆ, ಬಿಗಿಯತ್ತೆ, ಕಂಕುಳಲ್ಲಿ ಒದ್ದೆ ಆಗತ್ತೆ, ಲೇಬಲ್ ಚುಚ್ಚತ್ತೆ. ಕಾಳಿದಾಸನ ಶಾಕುಂತಲದ ಮೊದಲನೇ ಅಂಕದಲ್ಲಿ ಶಕುಂತಲೆ, ಪ್ರಿಯಂವದೆ ನಾರುಮಡಿಯನ್ನ ಬಹಳ ಬಿಗಿಯಾಗಿ ಕಟ್ಟಿಬಿಟ್ಟಿದಾಳೆ, ಸ್ವಲ್ಪ ಸಡಿಲ ಮಾಡೇ ಅಂತ ಅನಸೂಯೆಗೆ ಹೇಳ್ತಾಳೆ. ಪ್ರಿಯಂವದೆ ನಕ್ಕು, ನನ್ನನ್ನ ಯಾಕೆ ಬೈತೀಯ, ಉಬ್ಬಿ ಬರ್ತಿರೋ ನಿನ್ನ ಯೌವನಾನ ಬೈಕೋ ಅನ್ನೋ ಥರ ಉತ್ತರ ಕೊಡ್ತಾಳೆ. ಒಂದು ಗಂಟು ಬಿಗಿ ಆಯ್ತು ಅನ್ನೋ ಮಾತಲ್ಲಿ, ಇವಳು ದೊಡ್ಡವಳಾಗಿದಾಳೆ, ಇವಳಿಗೇ ಅದರ ಅರಿವಿಲ್ಲ, ಗೆಳತಿಗೆ ಇದೆ, ಎಲ್ಲ ಬಂದುಬಿಡ್ತು. ಮರೆಯಲ್ಲಿ ನಿಂತು ದುಷ್ಯಂತ ಬೇರೆ ನೋಡ್ತಿದಾನೆ. ಸಾವಿರ ವರ್ಷಕ್ಕೂ ಹಿಂದಿನಿಂದ ಇರೋ ಟೆಕ್ನಿಕ್ ಇದು, ಹೊಸದೇನಲ್ಲ.

ಉಡೋದು, ತೊಡೋದು, ಸಿಕ್ಕಿಸ್ಕೊಳೋದು

ಕನ್ನಡದಲ್ಲಿ ಬರೆಯೋರಿಗೆ ಒಂದು ಲಾಟರಿ ಹೊಡೆದಿದೆ, ನಾವು ಅದನ್ನ ಬಳಸ್ಕೊಳ್ತಾನೇ ಇಲ್ಲ. ಸೀರೆ ಉಡ್ತೀವಿ, ಅಂಗಿ ತೊಡ್ತೀವಿ, ಶಾಲು ಹೊದೀತೀವಿ, ಚಪ್ಪಲಿ ಮೆಟ್ತೀವಿ, ಹೂವು ಮುಡೀತೀವಿ, ಮಫ್ಲರ್ ಸುತ್ಕೋತೀವಿ, ವಾಚ್ ಕಟ್ಕೋತೀವಿ. ಈಗೀಗ ಮಾತಲ್ಲಿ ಎಲ್ಲದಕ್ಕೂ ‘ಹಾಕ್ಕೊಳೋದು’ ಒಂದೇ ಆಗೋಗಿದೆ, ಈ ಲೇಖನದಲ್ಲೇ ನಾನು ಎಷ್ಟು ಸಲ ಬಳಸಿದೀನಿ ಎಣಿಸಿ ಬೇಕಾದ್ರೆ. ಮಾತಿಗೆ ಅದು ಸಾಕು, ಕಥೇಲಿ ಕ್ರಿಯಾಪದ ಸ್ವಲ್ಪ ಬದಲಾಯಿಸಿ ನೋಡಿ. "ಅವನು ಕೋಟು ಹಾಕಿಕೊಂಡ" ಅನ್ನೋದು ಬರೀ ಸುದ್ದಿ. ಕೋಟಿನೊಳಕ್ಕೆ ತೂರಿಕೊಂಡ, ಕೋಟು ಏರಿಸಿಕೊಂಡ, ಕೋಟು ಹೆಗಲಿಗೆ ಎಸೆದುಕೊಂಡ, ಕೋಟು ಹೊದ್ದುಕೊಂಡ, ಕೋಟನ್ನು ಮೈಗೆ ಸಿಕ್ಕಿಸಿಕೊಂಡ. ಒಬ್ಬೊಬ್ಬ ಒಂದೊಂದು ಥರದವನು ಅಲ್ವಾ? ಕೋಟನ್ನ ‘ಹೊದ್ದುಕೊಂಡ’ ಅಂದಾಗ ಅವನಿಗೆ ಚಳಿ ಆಗ್ತಿದೆ, ಅಥವಾ ಅದು ಅವನ ಕೋಟಲ್ಲ.

ಬಿಚ್ಚೋದಕ್ಕೂ ಅಷ್ಟೇ. ಕಳಚಿದ, ಕಿತ್ತೆಸೆದ, ಜಾರಿಸಿದ, ಮಡಚಿಟ್ಟ, ಮೊಳೆಗೆ ನೇತುಹಾಕಿದ. ರಾತ್ರಿ ಕುಡಿದು ಬಂದವನು ತೂರಾಡ್ತಾನೇ ಪ್ಯಾಂಟನ್ನ ಇಸ್ತ್ರಿ ಗೆರೆಗೆ ಗೆರೆ ಕೂಡಿಸಿ ಮಡಚಿಟ್ಟು ಮಲಗ್ತಾನೆ ಅಂತ ಒಂದು ವಾಕ್ಯ ಬರೀರಿ, ಇವನಿಗೆ ಯಾರೋ ಚಿಕ್ಕಂದಿನಲ್ಲಿ ಚೆನ್ನಾಗಿ ಹೊಡೆದು ಬುದ್ಧಿ ಕಲಿಸಿದಾರೆ ಅಂತ ಓದುಗ ಊಹೆ ಮಾಡ್ಕೋತಾನೆ.

ಮೈಮೇಲಿರೋ ಬಟ್ಟೆ ಜೊತೆ ಕೈ ಏನು ಮಾಡ್ತಿದೆ ಅನ್ನೋದೂ ಇದ್ರಲ್ಲೇ ಬರತ್ತೆ. ಗುಂಡಿ ತಿರುವೋದು, ತೋಳು ಎಳೆದು ಬೆರಳು ಮುಚ್ಕೊಳೋದು, ಕಲೆ ಇರೋ ಜಾಗಕ್ಕೆ ಬ್ಯಾಗ್ ಅಡ್ಡ ಹಿಡಿಯೋದು. ಆದ್ರೆ ಇದನ್ನ ಡೈಲಾಗಿಗೆ ಒಂದರಂತೆ ತುರುಕಬೇಡಿ, ಪಾತ್ರಕ್ಕೆ ತುರಿಕೆ ಕಾಯಿಲೆ ಇದೆಯೇನೋ ಅನ್ಸತ್ತೆ.

ಹೊಂದಿಕೆ ಆಗದೇ ಇರೋದು

‘ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ’ ಅಂತ ಗಾದೆ ಇದೆಯಲ್ಲ, ಅರ್ಧ ಸಾಹಿತ್ಯ ಆ ಗಾದೆ ಮೇಲೇ ನಿಂತಿದೆ. ಬಡವನಿಗೆ ಹರಕು ಅಂಗಿ, ಸಾಹುಕಾರನಿಗೆ ರೇಷ್ಮೆ ಅಂತ ಬರೆದ್ರೆ ಅದು ಯೂನಿಫಾರ್ಮ್ ಹಂಚಿದ ಹಾಗೆ. ಮನುಷ್ಯ ಎಲ್ಲಿ ಬಟ್ಟೆಗೆ ಮ್ಯಾಚ್ ಆಗಲ್ವೋ ಅಲ್ಲಿ ಕಥೆ ಇದೆ.

ಚೆಕಾಫ್‌ನ ‘ತ್ರೀ ಸಿಸ್ಟರ್ಸ್’ (1901) ನಾಟಕ, ಕಥೆ ಅಲ್ಲ, ಆದ್ರೂ ಈ ಒಂದು ಬೆಲ್ಟಿಗಾಗಿ ಹೇಳ್ಲೇಬೇಕು. ಮೊದಲನೇ ಅಂಕದಲ್ಲಿ ನತಾಶಾ ಅಂಜಿಕೊಂಡು ಆ ಮೂವರು ಅಕ್ಕತಂಗೀರ ಮನೆಗೆ ಬರ್ತಾಳೆ, ಗುಲಾಬಿ ಉಡುಪಿಗೆ ಹಸಿರು ನಡುಪಟ್ಟಿ. ಹಿರಿಯಕ್ಕ ಓಲ್ಗಾ ಅದನ್ನ ನೋಡಿ ಇದು ಚೆನ್ನಾಗಿಲ್ಲಮ್ಮಾ ಅನ್ನೋ ಹಾಗೆ ಮೆಲ್ಲಗೆ ಹೇಳ್ತಾಳೆ. ನತಾಶಾ ಕುಗ್ಗಿಹೋಗ್ತಾಳೆ. ಕೊನೇ ಅಂಕದ ಹೊತ್ತಿಗೆ ಅದೇ ನತಾಶಾ ಸೊಸೆಯಾಗಿ ಬಂದು ಇಡೀ ಮನೆ ಕೈಗೆ ತಗೊಂಡಾಗಿದೆ, ಅಕ್ಕತಂಗೀರನ್ನ ಮೂಲೆಗೆ ತಳ್ಳಿದಾಳೆ, ಆಗ ಹೋಗ್ತಾ ಹೋಗ್ತಾ ಕೊನೇ ತಂಗಿ ಇರೀನಾಗೆ ಹೇಳ್ತಾಳೆ, ಆ ಬೆಲ್ಟ್ ನಿಂಗೆ ಒಪ್ಪಲ್ಲ ಅಂತ. ಅಷ್ಟೇ. ಅಷ್ಟು ವರ್ಷ ಆ ಮಾತನ್ನ ಅವಳು ಹೊಟ್ಟೇಲಿ ಇಟ್ಕೊಂಡಿದ್ಲು ಅನ್ನೋದು ಗೊತ್ತಾಗಿ ಮೈ ಜುಂ ಅನ್ನತ್ತೆ. ಬಟ್ಟೆ ಬಗ್ಗೆ ಒಬ್ರು ಇನ್ನೊಬ್ರಿಗೆ ಹೇಳೋ ಮಾತು ಯಾವತ್ತೂ ಬಟ್ಟೆ ಬಗ್ಗೆ ಇರಲ್ಲ, ಯಾರು ಮೇಲೆ ಯಾರು ಕೆಳಗೆ ಅನ್ನೋದರ ಬಗ್ಗೆ ಇರತ್ತೆ. "ಹೊಸದಾ?" ಅನ್ನೋ ಒಂದೇ ಪದದ ಪ್ರಶ್ನೆ ಎಷ್ಟು ಥರ ಚುಚ್ಚಬಹುದು ಯೋಚನೆ ಮಾಡಿ.

ತನಗೆ ತಾನೇ ಸುಳ್ಳು ಹೇಳ್ಕೊಳೋರಿಗೂ ಬಟ್ಟೆ ಬಹಳ ಒದಗತ್ತೆ. ಸರ್ವಾಂಟಿಸ್‌ನ ಡಾನ್ ಕ್ವಿಕ್ಸೋಟ್ (ಮೊದಲ ಭಾಗ 1605) ವೀರನಾಗಿ ಹೊರಡೋಕೆ ಮುಂಚೆ ಹಳೇ ಶಿರಸ್ತ್ರಾಣಕ್ಕೆ ರಟ್ಟಿನಲ್ಲಿ ಮುಖಗವಚ ಮಾಡಿ ಅಂಟಿಸ್ತಾನೆ. ಗಟ್ಟಿ ಇದೆಯಾ ನೋಡಣ ಅಂತ ಕತ್ತಿಯಿಂದ ಹೊಡೀತಾನೆ, ಒಂದು ವಾರದ ಕೆಲಸ ಒಂದೇ ಏಟಿಗೆ ಚಿಂದಿ. ಮತ್ತೆ ಮಾಡ್ತಾನೆ, ಒಳಗೆ ಕಬ್ಬಿಣದ ಪಟ್ಟಿ ಕೊಡ್ತಾನೆ, ಈ ಸಲ ಹೊಡೆದು ನೋಡೋ ಗೋಜಿಗೇ ಹೋಗಲ್ಲ, ಇದು ಫಸ್ಟ್ ಕ್ಲಾಸ್ ಅಂತ ತೀರ್ಮಾನ ಮಾಡ್ಬಿಡ್ತಾನೆ. ಆ ಎರಡನೇ ಸಲ ಪರೀಕ್ಷೆ ಮಾಡದೇ ಇದ್ದಿದ್ದೇ ಪಾತ್ರ. ಮುಂದಿನ ಅಷ್ಟೂ ಪುಟಗಳ ಹುಚ್ಚು ಅದರೊಳಗೆ ಇದೆ.

ಒಂದೇ ಬಟ್ಟೆ, ಮತ್ತೆ ಮತ್ತೆ

ಸಣ್ಣಕಥೇಲಿ ನಾಲ್ಕು ಬಟ್ಟೆ ಬೇಡ, ಒಂದು ಸಾಕು, ಆದ್ರೆ ಅದು ಎರಡು ಸಲ ಬರ್ಲಿ. ಎರಡನೇ ಸಲ ಬಂದಾಗ ಬಟ್ಟೆ ಅದೇ ಇರ್ಬೇಕು, ಮನುಷ್ಯ ಬೇರೆ ಆಗಿರ್ಬೇಕು.

ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಬರೆದ ‘ಮಿಸ್ ಬ್ರಿಲ್’ (1920) ಓದಿ, ಕೆಲವೇ ಪುಟ. ಒಂಟಿ ಹೆಂಗಸು, ಭಾನುವಾರ ಪಾರ್ಕಿಗೆ ಬ್ಯಾಂಡ್ ಕೇಳಕ್ಕೆ ಹೋಗ್ತಾಳೆ. ಅವತ್ತು ಡಬ್ಬದಿಂದ ಹಳೇ ತುಪ್ಪಳದ ಕೊರಳುಪಟ್ಟಿ ತೆಗೆದು, ನುಸಿಪುಡಿ ಕೊಡವಿ, ಬ್ರಷ್ ಮಾಡಿ, ಅದರ ಪುಟ್ಟ ಕಣ್ಣುಗಳನ್ನ ಉಜ್ಜಿ ಮತ್ತೆ ಜೀವ ಬರ್ಸಿ, ಮುದ್ದು ಮಾಡಿ ಕೊರಳಿಗೆ ಸುತ್ಕೊಂಡು ಹೊರಡ್ತಾಳೆ. ಪಾರ್ಕಲ್ಲಿ ಪಕ್ಕದಲ್ಲಿ ಕೂತ ಪ್ರೇಮಿಗಳು ಇವಳನ್ನ ನೋಡಿ ಕಿಸಿಕಿಸಿ ನಗ್ತಾರೆ, ಹುಡುಗಿ ಆ ತುಪ್ಪಳ ಹುರಿದ ಮೀನಿನ ಥರ ಇದೆ ಅಂತಾಳೆ. ಮಿಸ್ ಬ್ರಿಲ್‌ಗೆ ಬೇಜಾರಾಯ್ತು ಅಂತ ಎಲ್ಲೂ ಬರೆದಿಲ್ಲ. ಮನೆಗೆ ಬಂದು ಸುಮಾರು ಹೊತ್ತು ಕೂರ್ತಾಳೆ, ಆಮೇಲೆ ಬೇಗ ಬೇಗ, ನೋಡದೇನೇ, ತುಪ್ಪಳ ಬಿಚ್ಚಿ ಡಬ್ಬದೊಳಗಿಡ್ತಾಳೆ. ಮುಚ್ಚಳ ಹಾಕೋವಾಗ ಒಳಗೆ ಏನೋ ಅತ್ತ ಹಾಗೆ ಕೇಳ್ಸತ್ತೆ.

ಮಧ್ಯಾಹ್ನ ಕಣ್ಣಲ್ಲಿ ಕಣ್ಣಿಟ್ಟು ತೆಗೆದಿದ್ದನ್ನ ಸಂಜೆ ನೋಡದೇ ಇಟ್ಲು. ಡಬ್ಬ ಅದೇ, ತುಪ್ಪಳ ಅದೇ. ನಾನು ಇದನ್ನ ಪ್ರತಿ ವರ್ಷ ಒಂದು ಸಲ ಓದ್ತೀನಿ, ಪ್ರತಿ ಸಲಾನೂ ಆ ‘ನೋಡದೇನೇ’ಗೆ ಬಂದು ನಿಲ್ತೀನಿ.

ವಿರಾಟಪರ್ವದಲ್ಲೂ ಇಂಥದ್ದೇ ಒಂದು ಇದೆ, ಸ್ವಲ್ಪ ತಮಾಷೆಯಾಗಿ. ಯುದ್ಧಕ್ಕೆ ಹೊರಟಾಗ ರಾಜಕುಮಾರಿ ಉತ್ತರೆ ಬೃಹನ್ನಳೆಗೆ, ಕೌರವರ ಬಣ್ಣಬಣ್ಣದ ಬಟ್ಟೆ ತಂದುಕೊಡು, ನನ್ನ ಬೊಂಬೆಗಳಿಗೆ ಬೇಕು ಅಂತಾಳೆ. ಅರ್ಜುನ ಸಮ್ಮೋಹನಾಸ್ತ್ರ ಬಿಟ್ಟು ಎಲ್ರನ್ನೂ ಮಲಗಿಸಿದ ಮೇಲೆ ಅದನ್ನ ಮರೀದೇ ಉತ್ತರಕುಮಾರನಿಗೆ ಹೇಳ್ತಾನೆ, ಆಚಾರ್ಯರಿಬ್ಬರ ಬಿಳಿ ಬಟ್ಟೆ, ಕರ್ಣನ ಹಳದಿ, ಅಶ್ವತ್ಥಾಮನದ್ದು ರಾಜನದ್ದು ನೀಲಿ, ತಗೊಂಡು ಬಾ ಅಂತ. ಮಹಾರಥಿಗಳ ಉತ್ತರೀಯ ಬೊಂಬೆ ಲಂಗ ಆಯ್ತು. ಬಟ್ಟೆ ಕೈ ಬದಲಾಯಿಸಿದ್ರೆ ಅದರ ತೂಕಾನೂ ಬದಲಾಗತ್ತೆ, ಇದನ್ನ ಗಂಭೀರ ಕಥೇಲೂ ಬಳಸಬಹುದು.

ಬೇಡವಾದ್ದು

ಇದನ್ನ ಬೇಗ ಮುಗಿಸ್ತೀನಿ. ಬಿಳಿ ಅಂದ್ರೆ ಶುದ್ಧ, ಕೆಂಪು ಅಂದ್ರೆ ಕಾಮ ಅನ್ನೋ ಕೋಡ್ ಬಿಟ್ಬಿಡಿ. ತಲೆಯಿಂದ ಕಾಲಿನವರೆಗೆ ಪಟ್ಟಿ ಮಾಡೋದು ಬೇಡ, ಓದುಗನಿಗೆ ಎರಡು ವಿವರಕ್ಕಿಂತ ಜಾಸ್ತಿ ನೆನಪಿರಲ್ಲ. ಬ್ರ್ಯಾಂಡ್ ಹೆಸರು ಹಾಕಿ ಸ್ಟೇಟಸ್ ತೋರಿಸೋದು ಹತ್ತು ವರ್ಷದಲ್ಲಿ ಹಳಸಿಹೋಗತ್ತೆ.

ಹಳೇ ಕಾಲದ ಕಥೆ ಬರೀತಿದ್ರೆ ಮಾತ್ರ ಇಸವಿ ಚೆಕ್ ಮಾಡ್ಕೊಳ್ಳಿ, ಇಲ್ಲಿ ಬಹಳ ಜನ ಸಿಕ್ಕಾಕ್ಕೋತಾರೆ. ಸೇಫ್ಟಿ ಪಿನ್ನಿಗೆ ವಾಲ್ಟರ್ ಹಂಟ್ ಪೇಟೆಂಟ್ ತಗೊಂಡಿದ್ದು 1849ರಲ್ಲಿ. ವಿಲಿಯಂ ಪರ್ಕಿನ್ ಲ್ಯಾಬಲ್ಲಿ ಆಕಸ್ಮಿಕವಾಗಿ ಮಾವ್ ಅನ್ನೋ ನೇರಳೆ ಬಣ್ಣ ಕಂಡುಹಿಡಿದಿದ್ದು 1856, ಕೃತಕ ಬಣ್ಣಗಳ ಕಾಲ ಶುರುವಾಗಿದ್ದು ಅಲ್ಲಿಂದ, ಅದಕ್ಕೂ ಹಿಂದಿನ ಬಡ ಪಾತ್ರಕ್ಕೆ ಮಿಂಚೋ ನೇರಳೆ ತೊಡಿಸೋಕೆ ಮುಂಚೆ ಎರಡು ಸಲ ಯೋಚಿಸಿ. ರಿವೆಟ್ ಹಾಕಿದ ಜೀನ್ಸ್ ಪೇಟೆಂಟ್ 1873. ಈಗಿನ ಥರದ ಜಿಪ್ ಬಂದಿದ್ದು 1910ರ ದಶಕದಲ್ಲಿ, ಬಟ್ಟೆಗಳಲ್ಲಿ ಮಾಮೂಲಿ ಆಗಿದ್ದು ಇನ್ನೂ ತಡವಾಗಿ. ನೈಲಾನ್ 1938ಕ್ಕೆ ಮುಂಚೆ ಲೋಕಕ್ಕೇ ಗೊತ್ತಿರ್ಲಿಲ್ಲ. 1890ರ ನಾಯಕ ಅವಸರದಲ್ಲಿ ಜಿಪ್ ಎಳ್ಕೊಂಡ್ರೆ ಕಥೆ ಅಲ್ಲೇ ಹರಿದುಹೋಗತ್ತೆ. ಆದ್ರೆ ಗುಂಡಿ ಇತ್ತು ಅಂದ್ರೆ ಅವನು ಒಂದೊಂದಾಗಿ ಹಾಕ್ಕೋಬೇಕು, ಅವಸರಕ್ಕೆ ಅದು ಇನ್ನೂ ಒಳ್ಳೇದು, ಕೈ ನಡುಗತ್ತೆ, ಒಂದು ತಪ್ಪಿ ಇನ್ನೊಂದು ತೂತಿಗೆ ಹೋಗತ್ತೆ.

ಮಾಡಿ ನೋಡಿ

ಒಂದು ಪ್ರಯೋಗ ಹೇಳ್ತೀನಿ. ನಿಮ್ಮ ಯಾವುದಾದ್ರೂ ಮುಗಿದ ಡ್ರಾಫ್ಟ್ ತಗೊಂಡು ಅದರಲ್ಲಿರೋ ಬಟ್ಟೆ, ಚಪ್ಪಲಿ, ಕನ್ನಡಕ, ವಾಚು ಎಲ್ಲ ಅಳಿಸಿಹಾಕಿ. ಪಾತ್ರಗಳು ಬೆತ್ತಲೆ ನಿಲ್ಲಲಿ ಪರ್ವಾಗಿಲ್ಲ. ಮತ್ತೆ ಓದಿ. ಯಾವ ಜಾಗದಲ್ಲಿ ಕಥೆಗೇ ಚಳಿ ಆಯ್ತೋ ಅಲ್ಲಿ ಮಾತ್ರ ವಾಪಸ್ ಹಾಕಿ. ನನ್ನ ನೀಲಿ ಸೀರೆ ಕಥೇಲಿ ಹೀಗೆ ಮಾಡಿದಾಗ ಸೀರೆ ವಾಪಸ್ ಬರ್ಲೇ ಇಲ್ಲ, ಅದರ ಬದ್ಲು ಅವಳು ಬಾಗಿಲು ತೆಗೆಯೋಕೆ ಮುಂಚೆ ಬಾಯಲ್ಲಿ ಕಚ್ಕೊಂಡಿದ್ದ ಪಿನ್ ಒಂದು ಉಳೀತು. ಪಿನ್ ಬಾಯಲ್ಲಿರೋವಾಗ ಮಾತಾಡಕ್ಕಾಗಲ್ಲ, ಬಂದೋನು ಮೊದಲು ಮಾತಾಡ್ಬೇಕಾಯ್ತು, ದೃಶ್ಯ ತಿರುಗಿತು.

ಹೊಸದಾಗಿ ಶುರು ಮಾಡೋರಿಗೆ ಒಂದು ಪಾತ್ರ ಕೊಡ್ತೀನಿ, ಬೇಕಿದ್ರೆ ತಗೊಳ್ಳಿ. ಕೆಲಸ ಹೋಗಿದೆ, ನಾಳೆ ಇಂಟರ್‌ವ್ಯೂ. ನಾನು ಮೊದಲು ಬರೆದಿದ್ದು ಹೀಗೆ: "ಅವನು ಮಾಸಿದ ಬಿಳಿ ಅಂಗಿ, ಬೂದು ಸ್ವೆಟರ್ ತೊಟ್ಟು ಆತಂಕದಿಂದ ಕುಳಿತಿದ್ದ." ಸತ್ತ ವಾಕ್ಯ. ಆಮೇಲೆ ಹೀಗಾಯ್ತು:

"ರಾತ್ರಿ ಹತ್ತಕ್ಕೆ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟ. ಕಾಲರ್ ತಿಕ್ಕಿದ, ಎರಡೂ ತೋಳಿನ ತುದಿ ತಿಕ್ಕಿದ. ಎದೆ, ಬೆನ್ನು ಹಾಗೇ ಮುದುಡಿಕೊಂಡಿತ್ತು. ಅದರ ಮೇಲೆ ಹೇಗೂ ಸ್ವೆಟರ್ ಬರುತ್ತದೆ. ಸ್ವಿಚ್ಚು ಆರಿಸಿದ."

ಇದರಲ್ಲಿ ಬಣ್ಣ ಇಲ್ಲ, ಆತಂಕ ಅನ್ನೋ ಪದ ಇಲ್ಲ. ಆದ್ರೆ ಇವನು ಕರೆಂಟ್ ಉಳಿಸ್ತಾನಾ ಸೋಮಾರೀನಾ ಅಂತ ಒಂದು ಸಣ್ಣ ಅನುಮಾನ ಇದೆ, ಬೇರೆಯವರಿಗೆ ಎಷ್ಟು ಕಾಣ್ಬೇಕೋ ಅಷ್ಟೇ ಸರಿಮಾಡ್ಕೊಂಡು ಬದುಕಿರೋನು ಅನ್ನೋದಿದೆ. ಮರುದಿನ ಆ ರೂಮಲ್ಲಿ ಫ್ಯಾನ್ ಕೆಟ್ಟಿದೆ, ಮೇಜಿನ ಆ ಕಡೆ ಕೂತಿರೋರು ಒಳ್ಳೆ ಮನುಷ್ಯರು, "ಬಹಳ ಸೆಕೆ ಅಲ್ವಾ, ಸ್ವೆಟರ್ ತೆಗೆದು ಆರಾಮಾಗಿ ಕೂತ್ಕೊಳ್ಳಿ" ಅಂತಾರೆ. ಮುಂದಿನ ಪುಟ ನೀವು ಬರೀರಿ.